ನೆಲಬೇವು, ಹಿಪ್ಪಲಿ, ಬಜೆ, ಉಪ್ಪಗೆ: ಮಲೆನಾಡಿನ ಯಾವ ಜಾಗಕ್ಕೆ ಯಾವುದು?

ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆಯ ಜೊತೆ ಇನ್ನೊಂದು ಬೆಳೆ ಇರಲಿ ಎನ್ನುವ ಮಾತು ಜೋರಾಗಿದೆ. ಆ ಇನ್ನೊಂದು ಔಷಧಿ ಗಿಡ ಆಗಬಹುದಾ ಎಂದು ಕೇಳುವವರೂ ಜಾಸ್ತಿಯಾಗಿದ್ದಾರೆ. ಖಂಡಿತ ಆಗಬಹುದು. ಆದರೆ ಯಾವ ಗಿಡ ಎನ್ನುವುದನ್ನು ಕೆಜಿ ರೇಟು ನೋಡಿ ತೀರ್ಮಾನ ಮಾಡಬೇಡಿ. ಈ ಬೆಳೆಗಳ ರೇಟು ಎರಡು ವರ್ಷಕ್ಕೊಮ್ಮೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ. ನಿಮ್ಮ ಜಾಗ ಮಾತ್ರ ಬದಲಾಗುವುದಿಲ್ಲ.

ನನ್ನ ಪ್ರಕಾರ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು. ಒಂದು, ಜುಲೈ ತಿಂಗಳಲ್ಲಿ ಆ ಜಾಗದಲ್ಲಿ ನೀರು ನಿಲ್ಲುತ್ತದಾ, ಹರಿದು ಹೋಗುತ್ತದಾ? ಎರಡು, ಮಾಲು ಕೊಯ್ಲಿಗೆ ಬರುವ ತಿಂಗಳಲ್ಲಿ ಒಣಗಿಸಲು ಬಿಸಿಲು ಇರುತ್ತದಾ, ಇಲ್ಲದಿದ್ದರೆ ಬೇರೆ ಏನು ವ್ಯವಸ್ಥೆ ಇದೆ? ಮಲೆನಾಡಿನಲ್ಲಿ ಔಷಧಿ ಬೆಳೆ ಸೋಲುವುದು ಹೆಚ್ಚಾಗಿ ಎರಡನೆಯ ಪ್ರಶ್ನೆಯಲ್ಲಿ. ಗಿಡ ಚೆನ್ನಾಗಿ ಬಂದಿರುತ್ತದೆ, ನೋಡಲು ಖುಷಿಯಾಗುತ್ತದೆ, ಕೊಯ್ದ ಮೇಲೆ ನಾಲ್ಕು ದಿನ ಮೋಡ ಹಿಡಿದರೆ ಪೂರ್ತಿ ಬೂಸಲು.

ಅದಕ್ಕೇ ಇಲ್ಲಿ ನಾಲ್ಕು ಗಿಡಗಳನ್ನು ಎದುರುಬದುರು ಇಟ್ಟು ನೋಡುತ್ತೇನೆ. ನೆಲಬೇವು, ಹಿಪ್ಪಲಿ, ಬಜೆ ಮತ್ತು ಉಪ್ಪಗೆ. ನಾಲ್ಕೂ ನಮ್ಮ ಕಡೆ ಬೆಳೆಯುವಂಥವೇ, ಆದರೆ ನಾಲ್ಕಕ್ಕೂ ಬೇಕಾದ ಜಾಗ ಬೇರೆ ಬೇರೆ.

ತೂಕ ಬೇರೆ, ಸತ್ವ ಬೇರೆ

ಭತ್ತದಲ್ಲಿ ಚೀಲ ಎಣಿಸಿದರೆ ಇಳುವರಿ ಗೊತ್ತಾಯಿತು. ಔಷಧಿ ಗಿಡದಲ್ಲಿ ಹಾಗಲ್ಲ. ಖರೀದಿ ಮಾಡುವವರಿಗೆ ಬೇಕಾದದ್ದು ಗಿಡದೊಳಗಿನ ಸತ್ವ. ನೆಲಬೇವಿನಲ್ಲಿ ಅದು ಆಂಡ್ರೋಗ್ರಾಫೋಲೈಡ್ ಎನ್ನುವ ಕಹಿ ಅಂಶ. ಹಿಪ್ಪಲಿಯಲ್ಲಿ ಕಾಳುಮೆಣಸಿನಲ್ಲೂ ಇರುವ ಪೈಪರಿನ್. ಉಪ್ಪಗೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಬಜೆಯಲ್ಲಿ ಗಾಟು ವಾಸನೆಯ ಎಣ್ಣೆ. ಒಳ್ಳೆಯ ಕಂಪನಿಗಳು ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸಿಯೇ ಮಾಲು ಒಪ್ಪಿಕೊಳ್ಳುವುದು.

ತೂಕಕ್ಕೂ ಸತ್ವಕ್ಕೂ ಯಾವಾಗಲೂ ಹೊಂದಿಕೆ ಇರುವುದಿಲ್ಲ. ನೆಲಬೇವನ್ನು ಹೂ ಬಿಡುವ ಹೊತ್ತಿಗೆ ಕೊಯ್ದರೆ ಕಹಿ ಅಂಶ ಅತಿ ಹೆಚ್ಚು. ಇನ್ನಷ್ಟು ಬಲಿಯಲಿ, ತೂಕ ಬರಲಿ ಎಂದು ಕಾಯಿ ಕಟ್ಟುವವರೆಗೆ ಬಿಟ್ಟರೆ ಎಲೆ ಉದುರುತ್ತದೆ, ಬರೀ ಕಡ್ಡಿ ಉಳಿಯುತ್ತದೆ, ಸತ್ವ ಇಳಿಯುತ್ತದೆ. ಹಿಪ್ಪಲಿಯನ್ನು ಹಣ್ಣಾಗಲು ಬಿಟ್ಟರೆ ಖಾರ ಹೋಗುತ್ತದೆ. ಹಾಗಾಗಿ ಎಕರೆಗೆ ಇಷ್ಟು ಕ್ವಿಂಟಾಲ್ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಯಾವ ಹಂತದಲ್ಲಿ ಕೊಯ್ದದ್ದು, ಹಸಿಯೋ ಒಣಗಿದ್ದೋ ಎಂದು ಕೇಳಿ. ಅದು ಗೊತ್ತಾಗದೆ ಲೆಕ್ಕಕ್ಕೆ ಅರ್ಥವಿಲ್ಲ.

ಪಟ್ಟಿಯಿಂದ ಮೊದಲೇ ತೆಗೆದು ಹಾಕಬೇಕಾದವು

ಅಶ್ವಗಂಧಕ್ಕೆ ಹೆಸರು ದೊಡ್ಡದು. ಆದರೆ ಅದು ಒಣಸೀಮೆಯ ಬೆಳೆ, ವರ್ಷಕ್ಕೆ 500ರಿಂದ 750 ಮಿ.ಮೀ. ಮಳೆ ಬೀಳುವ ಜಾಗಕ್ಕೆ ಹೇಳಿ ಮಾಡಿಸಿದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತದೆ. ಅಷ್ಟು ಮಳೆ ನಮ್ಮಲ್ಲಿಲ್ಲ ಎನ್ನುವ ಹೊಸನಗರದವರಿಗೂ ಅಶ್ವಗಂಧದ ಬೇರು ಕೊಳೆಯುವುದನ್ನು ತಡೆಯಲು ಆಗುವುದಿಲ್ಲ. ಕೋಲಿಯಸ್ ಎಂದು ಕರೆಯುವ ಮಕಂದಿ ಬೇರಿನದೂ ಹೆಚ್ಚು ಕಡಿಮೆ ಇದೇ ಕಥೆ. ನೀರು ಬಸಿದು ಹೋಗುವ ಕೆಮ್ಮಣ್ಣು, ಹದವಾದ ಮಳೆ ಬೇಕು. ಸೊರಗು ರೋಗ, ಬೇರಿನ ಜಂತುಹುಳು ಎರಡೂ ಅದಕ್ಕೆ ಶತ್ರು.

ಶತಾವರಿ ನಡುವೆ ನಿಲ್ಲುತ್ತದೆ. ನಮ್ಮ ಬೇಲಿಯಲ್ಲಿ ತಾನಾಗಿ ಹಬ್ಬುವ ಬಳ್ಳಿ ಅದು, ಬೆಳೆಯುವುದಿಲ್ಲ ಎನ್ನುವಂತಿಲ್ಲ. ಆದರೆ ಬೇರು ದಪ್ಪವಾಗಿ ಕೀಳಲು ಒಂದೂವರೆ ಎರಡು ವರ್ಷ ಬೇಕು, ಅಂದರೆ ಎರಡು ಮಳೆಗಾಲ ದಾಟಬೇಕು. ಇಳಿಜಾರಿನಲ್ಲಿ ಏರು ಮಡಿ ಮಾಡಿ ಹಾಕುವವರಿಗೆ ಸರಿ. ಗದ್ದೆಗೆ ಬೇಡ. ಜೊತೆಗೆ ಕಾಡುಹಂದಿಯ ಕಾಟ ಇರುವ ಊರಲ್ಲಿ ನೆಲದೊಳಗೆ ದಪ್ಪ ಬೇರು ಇಟ್ಟುಕೊಂಡು ಎರಡು ವರ್ಷ ಕಾಯುವುದು ಸುಲಭವಲ್ಲ.

ನೆಲಬೇವು: ಬಯಲಿಗೆ, ಬಿಸಿಲಿಗೆ

ಕಾಳಮೇಘ ಎಂದೂ ಕರೆಯುವ ಈ ಗಿಡ ಒಂದು ಮಳೆಗಾಲದ ಬೆಳೆ. ಮೇ ತಿಂಗಳಲ್ಲಿ ಸಸಿಮಡಿ, ಜೂನ್ ಕೊನೆಗೆ ನಾಟಿ, ನಾಟಿ ಮಾಡಿ ಮೂರರಿಂದ ನಾಲ್ಕು ತಿಂಗಳಿಗೆ ಕೊಯ್ಲು. ಬೇಗ ದುಡ್ಡು ನೋಡಬೇಕು ಎನ್ನುವವರಿಗೆ ನಾಲ್ಕರಲ್ಲಿ ಇದೇ ಮೊದಲು. ಕಹಿ ಎಷ್ಟೆಂದರೆ ದನವೂ ಮೂತಿ ಹಾಕುವುದಿಲ್ಲ. ಬೇಲಿಯ ಖರ್ಚು ದೊಡ್ಡ ತಲೆನೋವಾಗಿರುವ ನಮ್ಮ ಕಡೆ ಇದು ಸಣ್ಣ ಲಾಭ ಅಲ್ಲ.

ಬೀಜ ತುಂಬ ಸಣ್ಣದು. ಹೊಸ ಬೀಜ ತಕ್ಷಣ ಮೊಳೆಯುವುದಿಲ್ಲ, ಕೆಲವು ತಿಂಗಳು ಸುಮ್ಮನೆ ಮಲಗಿರುತ್ತದೆ. ಹಿಂದಿನ ವರ್ಷದ ಬೀಜವನ್ನೇ ಕೇಳಿ ತನ್ನಿ. ಔಷಧಿ ಗಿಡಗಳ ಸಂಶೋಧನೆ ಮಾಡುವ ಲಖನೌದ ಸೀಮ್ಯಾಪ್ ಸಂಸ್ಥೆಯ ಸಿಮ್-ಮೇಘಾ ಎನ್ನುವ ತಳಿ ಇದೆ, ಗುಜರಾತಿನ ಆನಂದ್ ಕಡೆಯ ತಳಿಯೂ ಇದೆ. ಮರಳು ಬೆರೆಸಿ ತೆಳ್ಳಗೆ ಬಿತ್ತಿ, ಮೇಲೆ ಮಣ್ಣು ದಪ್ಪ ಹಾಕಬೇಡಿ, ಹುಲ್ಲು ಮುಚ್ಚಿ ನೀರು ಚಿಮುಕಿಸಿ. ಮುಂಗಾರು ಬೇಗ ಬಂದರೆ ಸಸಿಮಡಿಯೇ ಕೊಚ್ಚಿಕೊಂಡು ಹೋಗುತ್ತದೆ. ಅದಕ್ಕೆ ಮೇಲೊಂದು ಚಪ್ಪರ ಇರಲೇಬೇಕು.

ಇನ್ನು ಜಾಗ. ಈ ಗಿಡ ನೆರಳಲ್ಲೂ ಬದುಕುತ್ತದೆ. ಕಾಡಂಚಿನಲ್ಲಿ, ಮನೆಯ ಹಿತ್ತಲಲ್ಲಿ ತಾನಾಗಿ ಹುಟ್ಟಿರುವುದನ್ನು ನೋಡಿರುತ್ತೀರಿ. ಅದನ್ನೇ ನೋಡಿ ಅಡಿಕೆ ತೋಟದೊಳಗೆ ಹಾಕಿದರೆ ಗಿಡ ಬಿಸಿಲು ಹುಡುಕಿ ಉದ್ದಕ್ಕೆ ಎಳೆಯುತ್ತದೆ, ಗಣ್ಣು ಗಣ್ಣಿನ ನಡುವೆ ಅಂತರ ಜಾಸ್ತಿಯಾಗುತ್ತದೆ, ಎಲೆ ವಿರಳವಾಗುತ್ತದೆ. ಸತ್ವ ಇರುವುದೇ ಎಲೆಯಲ್ಲಿ, ಕಡ್ಡಿಯಲ್ಲಿ ತೀರಾ ಕಡಿಮೆ. ಹಾಗಾಗಿ ತೂಕದಲ್ಲೂ ಸತ್ವದಲ್ಲೂ ಎರಡು ಕಡೆ ನಷ್ಟ. ಇದಕ್ಕೆ ಬಯಲು ಬೇಕು. ನೀರು ನಿಲ್ಲದ ಮಕ್ಕಿಗದ್ದೆ, ಖುಷ್ಕಿ ಹೊಲ ಸರಿಯಾದ ಜಾಗ.

ಚೆನ್ನಾಗಿ ಬಂದರೆ ಹೆಕ್ಟೇರಿಗೆ 2ರಿಂದ 2.5 ಟನ್ ಒಣ ಸೊಪ್ಪು ಸಿಗುತ್ತದೆ. ಎಕರೆಗೆ 8ರಿಂದ 10 ಕ್ವಿಂಟಾಲ್. ಎಕರೆಗೆ ನಾಲ್ಕೈದು ಟನ್ ಕೊಟ್ಟಿಗೆ ಗೊಬ್ಬರ ಕೊಟ್ಟು, ಮೊದಲ ಒಂದೂವರೆ ತಿಂಗಳು ಕಳೆ ತೆಗೆದರೆ ಆಮೇಲೆ ಗಿಡವೇ ನೆಲ ಮುಚ್ಚುತ್ತದೆ. ನೆಲದಿಂದ ಒಂದು ಗೇಣು ಬಿಟ್ಟು ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ.

ಸಮಸ್ಯೆ ಕೊಯ್ಲಿನದು. ಜೂನ್ ಕೊನೆಗೆ ನೆಟ್ಟದ್ದು ಹೂ ಬಿಡುವುದು ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಶಿಕಾರಿಪುರ, ಸೊರಬದ ಪೂರ್ವ ಭಾಗ, ಭದ್ರಾವತಿ ಕಡೆ ಅಷ್ಟು ಹೊತ್ತಿಗೆ ಬಿಸಿಲು ಬಿದ್ದಿರುತ್ತದೆ. ತೀರ್ಥಹಳ್ಳಿಯಿಂದ ಪಶ್ಚಿಮಕ್ಕೆ ಹೋದರೆ ಮಧ್ಯಾಹ್ನ ಮೂರಕ್ಕೆ ಗುಡುಗು, ಸಂಜೆ ಮಳೆ. ಕೊಯ್ದ ಸೊಪ್ಪನ್ನು ಒಂದು ರಾತ್ರಿ ರಾಶಿ ಹಾಕಿ ಬಿಟ್ಟು, ಬೆಳಿಗ್ಗೆ ರಾಶಿಯ ಒಳಗೆ ಕೈ ಹಾಕಿ ನೋಡಿ. ಬಿಸಿ ತಾಗುತ್ತದೆ. ಹೊರಗಿನ ಎಲೆ ಹಸಿರಾಗಿಯೇ ಇರುತ್ತದೆ, ಒಳಗಿನದು ಕಪ್ಪಾಗಿ ಕೈಗೆ ಅಂಟುತ್ತದೆ, ಹುಳಿ ವಾಸನೆ ಬರುತ್ತದೆ. ಆ ಎಲೆಯನ್ನು ಆಮೇಲೆ ಎಷ್ಟು ಒಣಗಿಸಿದರೂ ಹಸಿರು ಬರುವುದಿಲ್ಲ. ಖರೀದಿಗೆ ಬಂದವರು ಮೊದಲು ನೋಡುವುದೇ ಆ ಬಣ್ಣ. ಹಾಗಾಗಿ ಕೊಯ್ದ ದಿನವೇ ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಲ್ಲಿ ಮೂರು ನಾಲ್ಕು ದಿನ ಒಣಗಿಸುವಷ್ಟು ದೊಡ್ಡ ಮಾಡು (ಸೂರು) ಇದ್ದರೆ ಮಾತ್ರ ಈ ಬೆಳೆಗೆ ಕೈ ಹಾಕಿ. ಮಾಡಿನ ಅಳತೆ ನೋಡಿ ನಾಟಿಯ ವಿಸ್ತೀರ್ಣ ತೀರ್ಮಾನ ಮಾಡಿ. ಎಲ್ಲವನ್ನೂ ಒಂದೇ ದಿನ ನೆಡದೆ ಹತ್ತು ದಿನದ ಅಂತರದಲ್ಲಿ ಎರಡು ಮೂರು ಕಂತು ಮಾಡಿದರೆ ಕೊಯ್ಲೂ ಕಂತಿನಲ್ಲಿ ಬರುತ್ತದೆ.

ಹಿಪ್ಪಲಿ: ತೋಟದೊಳಗೆ ಹಾಕುವುದಾದರೆ ಇದೇ

ಅಡಿಕೆ ತೋಟ ಇದೆ, ಬೇಸಿಗೆಯಲ್ಲಿ ನೀರಿದೆ, ಮರದ ನಡುವಿನ ಜಾಗ ಖಾಲಿ ಇದೆ ಎನ್ನುವವರಿಗೆ ನಾನು ಮೊದಲು ಹೇಳುವುದು ಹಿಪ್ಪಲಿ. ಕಾಳುಮೆಣಸಿನ ಕುಟುಂಬದ್ದೇ ಬಳ್ಳಿ, ಆದರೆ ಮರ ಹತ್ತುವ ಗೋಜಿಗೆ ಹೋಗದೆ ನೆಲದ ಮೇಲೇ ಹರಡುತ್ತದೆ. ತೇವ, ತಂಪು, ಎಲೆಗೊಬ್ಬರ ತುಂಬಿದ ಮಣ್ಣು ಇದಕ್ಕೆ ಇಷ್ಟ. ಸಾಗರ, ಹೊಸನಗರದ ತೋಟಗಳಲ್ಲಿ ಈ ಮೂರಕ್ಕೂ ಕೊರತೆ ಇಲ್ಲ.

ಕೊರತೆ ಇರುವುದು ಬೆಳಕಿಗೆ. ಹಿಪ್ಪಲಿಗೆ ನೆರಳು ಬೇಕು ಎನ್ನುವುದು ನಿಜ, ಆದರೆ ತೆಳು ನೆರಳು. ಕಾಲು ಭಾಗದಷ್ಟು ನೆರಳು ಇದ್ದರೆ ಸಾಕು. ಕೇರಳದಲ್ಲಿ ಇದನ್ನು ತೆಂಗಿನ ತೋಟದಲ್ಲಿ ಬೆಳೆಯುತ್ತಾರೆ, ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಶ್ವಂ ತಳಿ ಬಂದದ್ದೂ ಹಾಗೆಯೇ. ತೆಂಗಿನ ತೋಟ ತೆರೆದದ್ದು. ಒತ್ತಾಗಿ ನೆಟ್ಟ ಅಡಿಕೆ ತೋಟದಲ್ಲಿ ನೆಲಕ್ಕೆ ಬೀಳುವ ಬಿಸಿಲು ಅರ್ಧಕ್ಕಿಂತಲೂ ಕಡಿಮೆ. ಅಂಥ ಕಡೆ ಬಳ್ಳಿ ದಟ್ಟವಾಗಿ ಹಬ್ಬುತ್ತದೆ, ಎಲೆ ಅಗಲವಾಗಿ ಹೊಳೆಯುತ್ತದೆ, ಕಾಯಿ ಮಾತ್ರ ಹುಡುಕಬೇಕು. ಆದ್ದರಿಂದ ತೋಟದ ಪೂರ್ತಿ ಹಾಕಬೇಡಿ. ತೋಟದ ಅಂಚು, ಮರ ಸತ್ತು ತೆರವಾದ ಜಾಗ, ಹೊಸದಾಗಿ ಅಡಿಕೆ ಸಸಿ ನೆಟ್ಟ ತುಂಡು, ಇಲ್ಲೆಲ್ಲ ಹಾಕಿ. ಹಳದಿ ರೋಗ ಬಂದು ಮರ ವಿರಳವಾದ ತೋಟದಲ್ಲೂ ಸರಿಹೋಗುತ್ತದೆ.

ಬಳ್ಳಿಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಮಾರಾಟಕ್ಕೆ ಹೋಗುವುದು ಹೆಣ್ಣು ಬಳ್ಳಿಯ ಗಿಡ್ಡ, ದಪ್ಪ, ನೆಟ್ಟಗೆ ನಿಂತ ಕಾಯಿತೆನೆ. ಗಂಡಿನದು ಉದ್ದ, ಸಪೂರ. ಸಸಿ ತರುವಾಗ ತಾಯಿ ಬಳ್ಳಿಯಲ್ಲಿ ಕಾಯಿ ಇದ್ದದ್ದನ್ನು ಕಣ್ಣಾರೆ ನೋಡಿಯೇ ಗೆಣ್ಣು ಕತ್ತರಿಸಿಕೊಳ್ಳಿ. ಇನ್ನೊಂದು ಎಚ್ಚರಿಕೆ. ನಮ್ಮ ಕಡೆ ಕಾಳುಮೆಣಸಿಗೆ ಸೊರಗು ರೋಗ ತಡೆಯಲು ಕಸಿ ಕಟ್ಟುತ್ತಾರಲ್ಲ, ಆ ಬೇರುಗಿಡವನ್ನೂ ಹಿಪ್ಪಲಿ ಎಂದೇ ಕರೆಯುತ್ತಾರೆ. ಅದು ದಕ್ಷಿಣ ಅಮೆರಿಕದಿಂದ ಬಂದ ಪೈಪರ್ ಕೊಲುಬ್ರಿನಮ್. ಕಸಿಗೆ ಬಹಳ ಒಳ್ಳೆಯದು, ಔಷಧಿಗೆ ಅಲ್ಲ. ನಮಗೆ ಬೇಕಾದದ್ದು ಪೈಪರ್ ಲಾಂಗಮ್. ನರ್ಸರಿಯಲ್ಲಿ ಹಿಪ್ಪಲಿ ಗಿಡ ಕೊಡಿ ಎಂದು ಮಾತ್ರ ಹೇಳಿದರೆ ಯಾವುದು ಸಿಗುತ್ತದೋ ಹೇಳಲಾಗುವುದಿಲ್ಲ.

ಮಾರ್ಚ್, ಏಪ್ರಿಲ್‌ನಲ್ಲಿ ಮೂರರಿಂದ ಐದು ಗೆಣ್ಣಿನ ತುಂಡುಗಳನ್ನು ಪ್ಲಾಸ್ಟಿಕ್ ಕೊಟ್ಟೆಗೆ ಹಾಕಿ ಬೇರು ಬರಿಸಿ, ಮುಂಗಾರು ಶುರುವಾದಾಗ ಎರಡು ಅಡಿಗೊಂದರಂತೆ ನೆಡುವುದು. ಮಡಿ ಎತ್ತರವಾಗಿರಲಿ, ನೀರು ಬಸಿಯುವ ಕಾದಿಗೆ ಸ್ವಚ್ಛವಾಗಿರಲಿ. ಈ ಬಳ್ಳಿಗೆ ತೇವ ಬೇಕು, ನಿಂತ ನೀರು ಬೇಡ. ಮಳೆಗಾಲದಲ್ಲಿ ಎಲೆ, ಬಳ್ಳಿ ಕೊಳೆಯುವ ರೋಗ ಬರುತ್ತದೆ. ಕಾರಣ ಅಡಿಕೆಯ ಕೊಳೆರೋಗ ತರುವ ಫೈಟಾಪ್ತರಾದ ಬಳಗದ್ದೇ ರೋಗಾಣು. ಬೇಸಿಗೆಯಲ್ಲಿ ಬುಡ ಬಗೆದು ನೋಡಿದರೆ ಬೇರಿನ ಮೇಲೆ ಬಿಳಿ ಹಿಟ್ಟು ಹಚ್ಚಿದ ಹಾಗೆ ಹಿಟ್ಟುತಿಗಣೆ ಕೂತಿರುತ್ತದೆ. ಬಳ್ಳಿ ಕಾರಣವಿಲ್ಲದೆ ಹಳದಿಯಾಗಿ ಬಾಡುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಬೇಸಿಗೆಯ ನೀರು ಇಳುವರಿಯನ್ನು ನೇರವಾಗಿ ಮೇಲೆ ಕೆಳಗೆ ಮಾಡುತ್ತದೆ. ವಾರಕ್ಕೊಮ್ಮೆಯಾದರೂ ನೀರು, ಬುಡಕ್ಕೆ ಸೊಪ್ಪು ಅಥವಾ ಒಣಗಿದ ಅಡಿಕೆ ಸೋಗೆಯ ಮುಚ್ಚಿಗೆ ಸಿಕ್ಕಿದರೆ ಬಳ್ಳಿ ಬೇಸಿಗೆಯಲ್ಲೂ ಕಾಯಿ ಬಿಡುತ್ತಲೇ ಇರುತ್ತದೆ. ನೀರು ನಿಂತರೆ ಬೆಳವಣಿಗೆಯೂ ನಿಂತಿತು. ಏಪ್ರಿಲ್‌ನಲ್ಲಿ ನಿಮ್ಮ ಕೆರೆ, ಬಾವಿ ಅಡಿಕೆಗೇ ಸಾಲದೆ ಹೋದರೆ ಈ ಬೆಳೆ ನಿಮಗಲ್ಲ.

ಮೊದಲ ಕಾಯಿ ನೆಟ್ಟ ಆರು ತಿಂಗಳಿಗೆ, ಅಂದರೆ ಡಿಸೆಂಬರ್ ಜನವರಿ ಹೊತ್ತಿಗೆ. ಹೂತೆನೆ ಬಂದು ಎರಡು ತಿಂಗಳಿಗೆ ಬಲಿಯುತ್ತದೆ. ಬಲಿತ ತೆನೆ ಕಡು ಹಸಿರು, ಹೆಚ್ಚು ಕಡಿಮೆ ಕಪ್ಪಗೆ ಕಾಣುತ್ತದೆ. ಬೆರಳಲ್ಲಿ ಒತ್ತಿದರೆ ಗಟ್ಟಿ. ಒತ್ತಿದಾಗ ಮೆತ್ತಗಾದರೆ ಹಣ್ಣಾಗುತ್ತಿದೆ ಎಂದರ್ಥ, ತಡವಾಯಿತು. ಕೊಯ್ದು ನಾಲ್ಕೈದು ದಿನ ಬಿಸಿಲಲ್ಲಿ ಒಣಗಿಸಿದರೆ ತೆನೆ ಮುರಿದಾಗ ಟಕ್ ಎಂದು ತುಂಡಾಗಬೇಕು. ಬಾಗಿದರೆ ಇನ್ನೂ ತೇವ ಇದೆ. 10 ಕೆಜಿ ಹಸಿ ಕಾಯಿಗೆ ಒಣಗಿದ್ದು ಸುಮಾರು ಒಂದೂವರೆ ಕೆಜಿ. ಕೊಯ್ಲು ಚಳಿಗಾಲದಲ್ಲಿ ಬರುವುದರಿಂದ ಅಂಗಳದಲ್ಲಿ ಅಡಿಕೆ ಒಣಗುವ ಪಕ್ಕದಲ್ಲೇ ಇದೂ ಒಣಗುತ್ತದೆ. ಇದಕ್ಕಾಗಿ ಹೊಸ ಮಾಡು ಕಟ್ಟಬೇಕಾಗಿಲ್ಲ.

ಇದೊಂದನ್ನೇ ಬೆಳೆದರೆ ಮೊದಲ ವರ್ಷ ಹೆಕ್ಟೇರಿಗೆ 400 ಕೆಜಿ ಒಣ ಹಿಪ್ಪಲಿ, ಮೂರನೆಯ ವರ್ಷ 1,000 ಕೆಜಿವರೆಗೆ ಎಂದು ಲೆಕ್ಕ. ಎಕರೆಗೆ 160ರಿಂದ 400 ಕೆಜಿ ಆಯಿತು. ಅಡಿಕೆ ನಡುವೆ ಹಾಕುವಾಗ ಜಾಗವೂ ಕಡಿಮೆ, ಬೆಳಕೂ ಕಡಿಮೆ, ಅದಕ್ಕೆ ತಕ್ಕಂತೆ ಲೆಕ್ಕ ಇಳಿಸಿಕೊಳ್ಳಿ. ಮೂರು ವರ್ಷದ ಮೇಲೆ ಕಾಯಿ ಇಳಿಯುತ್ತದೆ. ಆಗ ಬಳ್ಳಿ ಕಿತ್ತು ದಪ್ಪ ಬೇರು, ಬುಡದ ಕಾಂಡವನ್ನು ತುಂಡು ಮಾಡಿ ಒಣಗಿಸಿ ಹಿಪ್ಪಲಿ ಮೂಲ ಎಂದು ಮಾರಬಹುದು. ಕೊನೆಗೂ ಒಂದು ಫಸಲು ಕೊಟ್ಟು ಹೋಗುವ ಬೆಳೆ ಇದು.

ತೋಟದೊಳಗೆ ಏನೇ ಹಾಕಿದರೂ ಮೇಲಿಂದ ಬೀಳುವ ಸಿಂಪಡಣೆ ಔಷಧಿ ನೆನಪಿರಲಿ

ಇದನ್ನು ಬಿಡಿಸಿ ಹೇಳುವವರು ಕಡಿಮೆ. ಕೊಳೆರೋಗಕ್ಕೆ ಮೇ ಕೊನೆ, ಜೂನ್ ಮೊದಲಲ್ಲಿ ಒಂದು ಸಲ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುತ್ತೇವೆ. ಅಡಿಕೆ ಗೊನೆಗೆ ಹೊಡೆದದ್ದರಲ್ಲಿ ಎಷ್ಟು ಕೆಳಗೆ ಬೀಳುತ್ತದೆ ಎನ್ನುವುದು ಮಾರನೆಯ ದಿನ ತೋಟದೊಳಗೆ ಹೋದರೆ ಗೊತ್ತಾಗುತ್ತದೆ. ಹಿಪ್ಪಲಿ ಎಲೆಯ ಮೇಲೆ ತಿಳಿನೀಲಿ ಚುಕ್ಕೆಗಳು, ಎಲೆಯ ತುದಿಯಲ್ಲಿ ದ್ರಾವಣ ಒಣಗಿ ಕೂತ ಗೆರೆ. ಬೆರಳಲ್ಲಿ ಒರೆಸಿದರೆ ಸುಣ್ಣದ ಪುಡಿ ಹತ್ತುತ್ತದೆ. ಅದರಲ್ಲಿರುವುದು ಮೈಲುತುತ್ತದ ತಾಮ್ರ. ಎಲೆಚುಕ್ಕಿಗೆ ಈಗ ಪ್ರೊಪಿಕೊನಜೋಲ್ ತರಹದ ಶಿಲೀಂಧ್ರನಾಶಕವನ್ನೂ ಹೊಡೆಯುತ್ತಿದ್ದಾರೆ.

ಹಿಪ್ಪಲಿಗೆ ಇದರಿಂದ ಅಷ್ಟು ಆತಂಕ ಇಲ್ಲ. ಮಾರುವುದು ಎಲೆಯನ್ನಲ್ಲ. ಚಳಿಗಾಲದಲ್ಲಿ ಕೊಯ್ಯುವ ತೆನೆ ಮೂಡುವುದು ಸಿಂಪಡಣೆ ಮುಗಿದ ಮೇಲೆ. ಬೋರ್ಡೋ ಬಿದ್ದರೆ ಬಳ್ಳಿಯ ಕೊಳೆ ರೋಗಕ್ಕೂ ತಡೆಯೇ. ಆದರೆ ಒಂದೆಲಗ, ನೀರುಬ್ರಾಹ್ಮಿ, ನೆಲಬೇವಿನಂಥ ಸೊಪ್ಪು ಮಾರುವ ಬೆಳೆಯನ್ನು ಅಡಿಕೆ ಕೆಳಗೆ ಹಾಕಿ ಜುಲೈ, ಆಗಸ್ಟಿನಲ್ಲಿ ಕೊಯ್ದರೆ ಆ ಔಷಧಿಯೆಲ್ಲ ಮಾಲಿನೊಳಗೇ ಇರುತ್ತದೆ. ಜನ ಕಾಯಿಲೆಗೆ ಎಂದು ತಿನ್ನುವ ವಸ್ತು ಅದು. ಲ್ಯಾಬಿನಲ್ಲಿ ಸಿಕ್ಕಿಬೀಳುತ್ತದೆ ಎನ್ನುವುದು ಆಮೇಲಿನ ಮಾತು, ಹಾಗೆ ಕೊಡಲೇಬಾರದು. ಸಿಂಪಡಣೆ ಇರುವ ತೋಟದಲ್ಲಿ ಸೊಪ್ಪಿನ ಬೆಳೆ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಬಜೆ: ನೀರು ಬಿಡದ ಗದ್ದೆಗೆ

ಹಳ್ಳದ ಬದಿಯ ಗದ್ದೆ, ಜವಳು ಹಿಡಿದು ಕಾಲು ಹೂತುಹೋಗುವ ತುಂಡು ಮಲೆನಾಡಿನ ಬಹಳ ಮನೆಗಳಲ್ಲಿ ಹಡಿಲು ಬಿದ್ದಿದೆ. ಭತ್ತಕ್ಕೆ ಆಳು ಸಿಗುವುದಿಲ್ಲ, ಬೆಳೆದರೆ ಹಂದಿ, ನವಿಲು. ಮಣ್ಣು ತುಂಬಿಸಿ ಅಡಿಕೆ ಹಾಕೋಣ ಎಂದರೆ ಬೇರು ಕೊಳೆಯುತ್ತದೆ. ನೆಲಬೇವು, ಹಿಪ್ಪಲಿ ಅಲ್ಲಿ ಬದುಕುವುದಿಲ್ಲ. ಬಜೆ ಹುಟ್ಟುವುದೇ ಅಂಥ ಜಾಗದಲ್ಲಿ.

ಕರ್ನಾಟಕದಲ್ಲಿ ಬಜೆ ಬೆಳೆಗೆ ಹೆಸರಾದದ್ದು ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆ. ಅಲ್ಲಿ ಕೆರೆ ನೀರು ಕಟ್ಟಿ ಬೆಳೆಯುತ್ತಾರೆ. ನಮಗೆ ಮಳೆಗಾಲದಲ್ಲಿ ನೀರು ಕಟ್ಟುವ ಕೆಲಸವೇ ಇಲ್ಲ, ಬದು ಭದ್ರ ಇದ್ದರೆ ಆಯಿತು. ಮೊಳಕೆ ಇರುವ ಗಡ್ಡೆ ತುಂಡುಗಳನ್ನು ಕೆಸರು ಮಾಡಿದ ಗದ್ದೆಯಲ್ಲಿ ಅಡಿಗೊಂದರಂತೆ ಜೂನ್, ಜುಲೈನಲ್ಲಿ ಊರುವುದು. ಮೊದಲು 5 ಸೆಂ.ಮೀ. ನೀರು ನಿಂತರೆ ಸಾಕು, ಗಿಡ ಎದ್ದ ಮೇಲೆ 10 ಸೆಂ.ಮೀ.ವರೆಗೆ ನಿಲ್ಲಿಸಬಹುದು. ಜನವರಿಯಿಂದ ಮೇಲೆ ನೀರು ಬತ್ತುವ ಗದ್ದೆಯಲ್ಲಿ ಗಡ್ಡೆ ಅಲ್ಲಿಗೇ ನಿಂತು ಸಣ್ಣದಾಗಿ ಉಳಿಯುತ್ತದೆ. ಬೇಸಿಗೆಯವರೆಗೂ ಒಸರು ಇರುವ ಗದ್ದೆಯೇ ಇದಕ್ಕೆ ಬೇಕು.

ಆರೆಂಟು ತಿಂಗಳಿಂದ ಒಂದು ವರ್ಷದೊಳಗೆ ಎಲೆ ಹಳದಿಯಾಗಿ ಒಣಗತೊಡಗಿದಾಗ ಕೀಳುವುದು. ನಮ್ಮ ಲೆಕ್ಕದಲ್ಲಿ ಫೆಬ್ರುವರಿ, ಮಾರ್ಚ್. ನಾಲ್ಕರಲ್ಲಿ ಒಣಗಿಸಲು ಇದಕ್ಕಿಂತ ಒಳ್ಳೆಯ ತಿಂಗಳು ಇನ್ಯಾವುದಕ್ಕೂ ಇಲ್ಲ. ಅಡಿಕೆ ಕೊಯ್ಲೂ ಮುಗಿದಿರುತ್ತದೆ, ಅಂಗಳ ಖಾಲಿ, ಬಿಸಿಲು ಧಾರಾಳ. ನೀರು ಬಸಿದು, ಹದ ಇರುವಾಗಲೇ ಅಗೆದು, ತೊಳೆದು, ಎರಡು ಮೂರು ಇಂಚಿನ ತುಂಡು ಮಾಡಿ, ಸಣ್ಣ ಬೇರು ತೆಗೆದು ಒಣಗಿಸಿ, ಆಮೇಲೆ ಗೋಣಿ ಚೀಲದಲ್ಲಿ ಹಾಕಿ ಉಜ್ಜಿದರೆ ಮೇಲಿನ ಸಿಪ್ಪೆ ಬಿಡುತ್ತದೆ.

ಕಷ್ಟ ಇರುವುದು ಅಗೆಯುವುದರಲ್ಲಿ. ಗಡ್ಡೆ ನೆಲದೊಳಗೆ ಎರಡು ಅಡಿವರೆಗೂ ಹೆಣೆದುಕೊಂಡಿರುತ್ತದೆ. ಕೆಸರಿನಲ್ಲಿ ನಿಂತು ಮಾಡುವ ಕೆಲಸಕ್ಕೆ ಆಳು ಸಿಗುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು. ಬಿಟ್ಟುಹೋದ ತುಂಡೆಲ್ಲ ಮತ್ತೆ ಚಿಗುರುತ್ತದೆ, ಹಾಗಾಗಿ ಮುಂದೆ ಆ ಗದ್ದೆಗೆ ಭತ್ತ ಹಾಕುವ ಯೋಚನೆ ಇದ್ದರೆ ಬಜೆ ಬೇಡ.

ಮಾರುಕಟ್ಟೆಯ ವಿಷಯದಲ್ಲಿ ಒಂದು ಮಾತು. ಬಜೆಯ ಎಣ್ಣೆಯಲ್ಲಿರುವ ಬೀಟಾ-ಅಸರೋನ್ ಎನ್ನುವ ಅಂಶದ ಕಾರಣಕ್ಕೆ ಅಮೆರಿಕದಲ್ಲಿ 1968ರಿಂದಲೇ ಆಹಾರದಲ್ಲಿ ಬಳಸಲು ನಿಷೇಧ ಇದೆ. ನಮ್ಮಲ್ಲಿ ಆಯುರ್ವೇದ ಔಷಧಿಗೆ ಬೇಡಿಕೆ ಇದೆ. ಅಂದರೆ ಇದು ಹೆಚ್ಚಾಗಿ ದೇಶದೊಳಗಿನ ವ್ಯಾಪಾರವನ್ನೇ ನಂಬಿದ ಬೆಳೆ. ರಫ್ತಿನ ಆಸೆ ತೋರಿಸಿ ಗಡ್ಡೆ ಮಾರುವವರ ಮಾತಿಗೆ ಬೀಳಬೇಡಿ.

ಉಪ್ಪಗೆ: ದರೆಗೆ, ಬೇಣಕ್ಕೆ

ಉಪ್ಪಗೆ ಮರ. ಈ ವರ್ಷ ಹಾಕಿ ಮುಂದಿನ ವರ್ಷ ದುಡ್ಡು ಎಣಿಸುವವರಿಗೆ ಅಲ್ಲ. ಆದರೆ ಉಳುಮೆ ಮಾಡಲಾಗದ ದರೆ, ತೋಟದ ಮೇಲಿನ ಬೇಣ, ಹಳ್ಳದ ದಡ ಇವಕ್ಕೆ ಬೇರೆ ಯಾವುದೂ ಇಷ್ಟು ಹೊಂದುವುದಿಲ್ಲ. ಪಶ್ಚಿಮಘಟ್ಟದ್ದೇ ಮರ, ನಮ್ಮ ಮಳೆಯನ್ನು ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ.

ಬೀಜದ ಗಿಡ ಫಲ ಬಿಡಲು 10ರಿಂದ 12 ವರ್ಷ ಬೇಕು. ಅದರಲ್ಲೂ ಅರ್ಧದಷ್ಟು ಗಂಡು ಮರಗಳಾಗಬಹುದು. ಕಸಿ ಗಿಡ ಮೂರನೆಯ ವರ್ಷದಿಂದಲೇ ಕಾಯಿ ಬಿಡಲು ಶುರು ಮಾಡುತ್ತದೆ. ಬೀಜವೂ ಮೊಳೆಯಲು ಐದಾರು ತಿಂಗಳು ತೆಗೆದುಕೊಳ್ಳುತ್ತದೆ. ಹಾಗಾಗಿ ಈಗ ಹಾಕುವವರು ಕಸಿ ಗಿಡವನ್ನೇ ಹಾಕಿ, ಆಯ್ಕೆಯಲ್ಲಿ ಗೊಂದಲ ಇಲ್ಲ.

ಗೊಂದಲ ಇರುವುದು ಒಣಗಿಸುವುದರಲ್ಲಿ. ಹಣ್ಣು ಬೀಳುವುದು ಜೂನ್‌ನಿಂದ ಆಗಸ್ಟ್, ಮಳೆ ಅತಿ ಜೋರಾಗಿರುವ ಹೊತ್ತು. ಬಿಸಿಲಿನ ಮಾತೇ ಇಲ್ಲ. ಹಿಂದಿನಿಂದಲೂ ಮಾರಾಟಕ್ಕೆ ಹೋಗುವ ಹಣ್ಣಿನ ಸಿಪ್ಪೆಯನ್ನು ಬೆಂಕಿ, ಹೊಗೆಯ ಮೇಲೆ ತಟ್ಟಿಯಲ್ಲಿಟ್ಟು ಒಣಗಿಸುತ್ತಾರೆ. ತೂಕ ಇಳಿಸುವ ಮಾತ್ರೆಗಳಿಗೆ ಬೇಡಿಕೆ ಬಂದು ರೇಟು ಏರಿದ ವರ್ಷಗಳಲ್ಲಿ ಇದಕ್ಕಾಗಿ ಕಾಡಿನ ಕಟ್ಟಿಗೆ ಬಹಳ ಸುಟ್ಟುಹೋಯಿತು, ಎಳೆ ಕಾಯಿಗೆ ಆಸೆಪಟ್ಟು ಕೊಂಬೆ ಕಡಿದದ್ದೂ ಇದೆ. ಸ್ವಂತ ಜಾಗದಲ್ಲಿ ಮರ ಬೆಳೆಸಿ, ಹಣ್ಣಾದದ್ದನ್ನೇ ಆರಿಸುವವರಿಗೆ ಆ ಪಾಪದ ಪಾಲು ಬೇಕಾಗಿಲ್ಲ. ಮನೆಯಲ್ಲಿ ಅಡಿಕೆಗೆಂದು ಡ್ರೈಯರ್ ಇದ್ದರೆ ಅದು ಜುಲೈನಲ್ಲಿ ಖಾಲಿಯೇ ಇರುತ್ತದೆ. ಅಡಿಕೆಯ ಸಿಪ್ಪೆ, ಸೋಗೆ, ಒಣ ಹಾಳೆ ಉರುವಲಿಗೆ ಬರುತ್ತದೆ. ಇಷ್ಟು ಇದ್ದವರಿಗೆ ಉಪ್ಪಗೆ ಹೊರೆಯಲ್ಲ. ಇಲ್ಲದವರಿಗೆ ಕೊಳೆತ ಹಣ್ಣಿನ ರಾಶಿ.

ಸಿಪ್ಪೆಗೆ ರೇಟು ಇಲ್ಲದ ವರ್ಷವೂ ಇದರಲ್ಲಿ ಪೂರ್ತಿ ನಷ್ಟ ಇಲ್ಲ. ಅಡುಗೆಗೆ ಹುಳಿ ಆಯಿತು, ಬೀಜದಿಂದ ಉಪ್ಪಗೆ ತುಪ್ಪ ಆಯಿತು.

ಹಾಗಾದರೆ ಯಾವುದು?

ಜಾಗದ ಪ್ರಕಾರ ನೋಡಿದರೆ ನಾಲ್ಕಕ್ಕೂ ಜಗಳವೇ ಇಲ್ಲ. ಜಗಳ ಬರುವುದು ಕೆಲಸದ ಹೊತ್ತಿನಲ್ಲಿ. ಕೆಂಪಡಿಕೆ ಮಾಡುವ ನಮ್ಮ ಮನೆಗಳಲ್ಲಿ ಅಕ್ಟೋಬರ್‌ನಿಂದ ಜನವರಿವರೆಗೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮನೆಯವರಿಗೆ ಕೈ ಬಿಡುವಿರುವುದಿಲ್ಲ. ನೆಲಬೇವಿನ ಕೊಯ್ಲು ಸರಿಯಾಗಿ ಅದರ ತಲೆಯ ಮೇಲೇ ಬಂದು ಕೂರುತ್ತದೆ. ಅಡಿಕೆಯೇ ಮುಖ್ಯ ಆದಾಯ ಆಗಿರುವವರು ನೆಲಬೇವಿಗೆ ಹೋಗದಿರುವುದು ಲೇಸು. ಅಡಿಕೆ ಕಡಿಮೆ, ಮಳೆ ಸಾವಿರ ಮಿ.ಮೀ. ಆಸುಪಾಸು, ಜೋಳ ಹಾಕುವ ಹೊಲ ಇದೆ ಎನ್ನುವ ಶಿಕಾರಿಪುರ, ಭದ್ರಾವತಿ ಕಡೆಯವರು ಧೈರ್ಯವಾಗಿ ನೋಡಬಹುದು.

ಹಿಪ್ಪಲಿಯ ಕೊಯ್ಲೂ ಚಳಿಗಾಲದ್ದೇ, ಆದರೆ ಒಂದೇ ಸಲ ಅಲ್ಲ. ಬಲಿತದ್ದನ್ನು ಆಗಾಗ ಆರಿಸುವುದು. ಬೆಳಗಿನ ಹೊತ್ತು ಮನೆಯವರೇ ಒಂದು ಸುತ್ತು ಹೋಗಿ ಮಾಡುವ ಕೆಲಸ. ದೊಡ್ಡ ವಿಸ್ತೀರ್ಣಕ್ಕೆ ಹಾಕಿದರೆ ಮಾತ್ರ ಆಳು ಬೇಕು. ಆದ್ದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿಯ ನೀರಾವರಿ ತೋಟದವರು ಹತ್ತು ಗುಂಟೆಯಷ್ಟು ಹಿಪ್ಪಲಿಯಿಂದ ಶುರು ಮಾಡಲಿ ಎನ್ನುತ್ತೇನೆ. ಹಡಿಲು ಗದ್ದೆ ಇರುವವರು ಅದರ ಒಂದು ಮೂಲೆಗೆ ಬಜೆ ಹಾಕಿ ನೋಡಲಿ. ಬೇಣ ಇರುವವರು ನಾಲ್ಕಾರು ಉಪ್ಪಗೆ ಕಸಿ ಗಿಡ ನೆಡಲು ಯಾರನ್ನೂ ಕೇಳಬೇಕಾಗಿಲ್ಲ.

ನೆಡುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ನಮ್ಮ ಮಣ್ಣಿನ ಹುಳಿ ಗೊತ್ತಿರುವುದೇ, ಎಷ್ಟು ಸುಣ್ಣ ಎನ್ನುವುದು ಪರೀಕ್ಷೆಯಿಂದಲೇ ತಿಳಿಯಬೇಕು. ತಳಿ, ಸಸಿಯ ಬಗ್ಗೆ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ಅಡಿಕೆ ನಡುವೆ ಔಷಧಿ ಬೆಳೆಗಳನ್ನು ಹಾಕಿ ನೋಡಿದ ಅನುಭವ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೂ ಇದೆ.

ಕೊಳ್ಳುವವರನ್ನು ಹುಡುಕುವುದು ನಾಟಿಗೆ ಮೊದಲೇ ಆಗಬೇಕು. ಅಡಿಕೆಯ ಹಾಗೆ ಮಂಡಿಗೆ ಚೀಲ ಇಳಿಸಿ ಬರುವ ವ್ಯಾಪಾರ ಇದಲ್ಲ. 2000ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಔಷಧೀಯ ಸಸ್ಯ ಮಂಡಳಿಯ ಇ-ಚರಕ್ ಜಾಲದಲ್ಲಿ ಕೊಳ್ಳುವವರೂ ಮಾರುವವರೂ ಸಿಗುತ್ತಾರೆ. ಮಾತುಕತೆ ಆಡುವಾಗ ಮೂರು ವಿಷಯ ಕಾಗದದಲ್ಲಿ ಬರಲಿ: ಸಸ್ಯಶಾಸ್ತ್ರದ ಹೆಸರು, ತೇವ ಎಷ್ಟರವರೆಗೆ ನಡೆಯುತ್ತದೆ, ಸತ್ವದ ಪರೀಕ್ಷೆ ಮಾಡಿಸುವ ಖರ್ಚು ಯಾರದ್ದು. ಸಸಿಯನ್ನೂ ತಾವೇ ಕೊಟ್ಟು ಮಾಲನ್ನೂ ತಾವೇ ಕೊಳ್ಳುತ್ತೇವೆ ಎನ್ನುವವರು ಬಂದರೆ, ಸಸಿಗೆ ಎಷ್ಟು ದುಡ್ಡು ಕೇಳುತ್ತಾರೆ ಎನ್ನುವುದರ ಮೇಲೆ ಕಣ್ಣಿಡಿ. ಅವರ ಲಾಭ ಸಸಿಯಲ್ಲೇ ಮುಗಿಯುವಂತಿದ್ದರೆ ಮಾಲು ಕೊಳ್ಳಲು ತಿರುಗಿ ಬರುವ ತುರ್ತು ಅವರಿಗೆ ಇರುವುದಿಲ್ಲ.

ಕಾಡಿನಲ್ಲೂ ಬೆಳೆಯುವ ಗಿಡಗಳಾದ್ದರಿಂದ ಇದು ನಮ್ಮ ಜಾಗದ್ದು ಎನ್ನುವ ದಾಖಲೆ ಕೈಯಲ್ಲಿರಲಿ. ಬೆಳೆ ಸಮೀಕ್ಷೆಯ ಹೊತ್ತಿಗೆ ಪಹಣಿಯಲ್ಲಿ ಬೆಳೆಯ ಹೆಸರು ಸೇರಿಸಿಕೊಳ್ಳಿ. ಉಪ್ಪಗೆ ಸಿಪ್ಪೆ ಸಾಗಿಸುವಾಗ ಇದು ಮುಖ್ಯ. ನೆಟ್ಟಾಗ, ಕೊಯ್ಲಿನಲ್ಲಿ ಎರಡು ಫೋಟೋ ತೆಗೆದು ಇಟ್ಟುಕೊಳ್ಳಿ. ಒಣಗಿದ ಮಾಲನ್ನು ತೇವ ಶೇ. 10ರ ಆಸುಪಾಸಿಗೆ ಇಳಿದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಒಳಚೀಲಕ್ಕೆ ತುಂಬಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಮಳೆಗಾಲ ಹತ್ತಿರ ಬರುವ ಮೊದಲೇ, ಮೇ ಒಳಗೆ ಮಾರಿ ಮುಗಿಸಿ. ಜೂನ್ ದಾಟಿದರೆ ಒಣಗಿದ್ದ ಹಿಪ್ಪಲಿಯೂ ಗಾಳಿಯ ತೇವ ಹೀರಿ ಮತ್ತೆ ಬಾಗತೊಡಗುತ್ತದೆ.